ಚಿಟಿಕೆ ದೊಡ್ಡಮ್ಮನ ಹಸಿರು ಗೆರೆ

ಚಿಟಿಕೆ ದೊಡ್ಡಮ್ಮ ತಪ್ಪು ಮಾಡಿದ್ದನ್ನು ಕಂಡವರು ಕಡಿಮೆ, ತಪ್ಪು ಒಪ್ಪಿಕೊಂಡದ್ದನ್ನು ಕಂಡವರು ಇನ್ನೂ ಕಡಿಮೆ. ಹಾಗಂತ ಅವಳನ್ನು ಜಂಬದ ಹೆಂಗಸು ಅನ್ನಲಾಗದು. ಜಂಬ ಕೊಚ್ಚುವವರಿಗೆ ಒಳಗೊಳಗೇ ಒಂದು ಅಳುಕಿರುತ್ತದೆ. ಇವಳಿಗೆ ಅದೂ ಇರಲಿಲ್ಲ. ಕೆಲಸ ಗೊತ್ತಿತ್ತು, ಗೊತ್ತಿದೆ ಅನ್ನುವುದೂ ಗೊತ್ತಿತ್ತು, ಅದನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅವಳ ಕೆಲಸ ಬೇಸ್‌ಬಾಲ್ ಆಡುವವರ ಬ್ಯಾಟಿನ ಬೀಸನ್ನು ಅಳೆಯುವುದು. ಬೀಸು ಎಷ್ಟು ಜೋರಾಗಿತ್ತು ಅಂತ ಯಾರು ಬೇಕಾದರೂ ಅಳೆದಾರು. ದೊಡ್ಡಮ್ಮ ಅಳೆಯುತ್ತಿದ್ದದ್ದು ಬೀಸು ಹೊತ್ತಿಗೆ ಸರಿಯಾಗಿ ಬಂತೋ ಇಲ್ಲವೋ ಅನ್ನುವುದನ್ನು. ರೈಲು ಹಳಿಯ ಪಕ್ಕ ಹಿಂದೆ ಟೈರು ಪೇರಿಸಿಡುತ್ತಿದ್ದ ಉದ್ದನೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಮೇಲಿನಿಂದ ಕೆಳತನಕ ಬಲೆ ಕಟ್ಟಿಸಿ, ನೆಲಕ್ಕೆ ಹಸಿರು ಚಾಪೆ ಹಾಸಿದ್ದಳು. ಮೇಲೆ ತಗಡಿನ ಮಾಡು. ಎಷ್ಟು ತೊಳೆದರೂ ಹೋಗದ ರಬ್ಬರಿನ ವಾಸನೆ. ಮೊದಲ ಸಲ ಬಂದವರು ಮೂಗು ಮುಚ್ಚಿಕೊಂಡರೆ, "ಸ್ವಲ್ಪ ಹೊತ್ತು ಇರಿ, ಆಮೇಲೆ ಇದೇ ವಾಸನೆ ಇಲ್ದೆ ಬ್ಯಾಟು ಏಳಲ್ಲ ನಿಮಗೆ" ಅನ್ನುತ್ತಿದ್ದಳು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಬೇಸ್‌ಬಾಲಿನಲ್ಲಿ ಚೆಂಡು ನೆಲ ಮುಟ್ಟದೆ ನೇರ ಬರುತ್ತದೆ. ಎಸೆಯುವವಳನ್ನು ಪಿಚರ್ ಅನ್ನುತ್ತಾರೆ. ಅವಳ ಕೈ ಬಿಟ್ಟ ಚೆಂಡು ಬ್ಯಾಟು ಹಿಡಿದವಳನ್ನು ದಾಟುವುದಕ್ಕೆ ಅರ್ಧ ಸೆಕೆಂಡು ಸಾಕು. ಅಷ್ಟರೊಳಗೆ ನೋಡಬೇಕು, ಹೊಡೆಯಲೋ ಬೇಡವೋ ತೀರ್ಮಾನಿಸಬೇಕು, ಸೊಂಟ ತಿರುಗಿಸಬೇಕು, ದುಂಡನೆಯ ಬ್ಯಾಟನ್ನು ದುಂಡನೆಯ ಚೆಂಡಿಗೆ ತಾಗಿಸಬೇಕು. ಒಂದು ಕೂದಲೆಳೆಯಷ್ಟು ತಡವಾದರೆ ಗಾಳಿಗೆ ಹೊಡೆದ ಹಾಗೆ. ಹಾಗಾಗಿ ಈ ಆಟದಲ್ಲಿ ತೋಳಿನ ಬಲಕ್ಕಿಂತ ಹೊತ್ತಿನ ಲೆಕ್ಕವೇ ದೊಡ್ಡದು.

ಆ ಲೆಕ್ಕಕ್ಕೇ ದೊಡ್ಡಮ್ಮನ ಸಾಮಾನುಗಳು. ಗೋದಾಮಿನ ಒಂದು ತುದಿಯಲ್ಲಿ ಚೆಂಡೆಸೆಯುವ ಯಂತ್ರ: ಮೇಲಿನ ಕೊಳವೆಯಿಂದ ಚೆಂಡು ಜಾರಿ ಬಂದರೆ, ಎದುರುಬದುರು ತಿರುಗುವ ಎರಡು ರಬ್ಬರ್ ಗಾಲಿಗಳು ಅದನ್ನು ಕಚ್ಚಿ ಎಸೆಯುತ್ತವೆ. ಯಂತ್ರದ ಬಾಯಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಚೆಂಡು ಅದನ್ನು ಕತ್ತರಿಸಿದ ಗಳಿಗೆ ಗಡಿಯಾರ ಶುರು. ಇನ್ನೊಂದು ತುದಿಯಲ್ಲಿ, ಬ್ಯಾಟು ಹಿಡಿದವರು ನಿಲ್ಲುವಲ್ಲಿ, ಅಂಥದೇ ಇನ್ನೊಂದು ಗೆರೆ. ಬ್ಯಾಟಿನ ಹಿಡಿಯ ಬುಡಕ್ಕೆ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರು. ಬ್ಯಾಟು ಯಾವಾಗ ಕದಲಿತು ಅಂತ ಅದು ಹೇಳುತ್ತದೆ. ಇಷ್ಟೂ ಸೇರಿ ಪರದೆಯ ಮೇಲೆ ಒಂದೊಂದು ಚೆಂಡಿಗೆ ಒಂದೊಂದು ಗೆರೆ ಬೀಳುತ್ತದೆ. ಚೆಂಡೂ ಬ್ಯಾಟೂ ಒಟ್ಟಿಗೆ ಬಂದರೆ ನಡುವೆ ಹಸಿರು. ಬ್ಯಾಟು ತಡವಾದರೆ ಬಲಕ್ಕೆ ಕೆಂಪು, ಅವಸರವಾದರೆ ಎಡಕ್ಕೆ ಕೆಂಪು.

ಕೆಂಪು, ಹಸಿರು ಅವಳಿಗೆ ಹಳೆಯ ನಂಟರು. ಗೋದಾಮು ಹಿಡಿಯುವ ಮುಂಚೆ ನಗರದ ರಸ್ತೆ ಸಿಗ್ನಲ್ ಇಲಾಖೆಯಲ್ಲಿ ಅವಳು ತಂತ್ರಜ್ಞೆ. ಯಾವ ವೃತ್ತದಲ್ಲಿ ಯಾವ ದೀಪ ಎಷ್ಟು ಹೊತ್ತು ಉರಿಯಬೇಕು ಅನ್ನುವುದನ್ನು ಕೂರಿಸುವ ಕೆಲಸ. ಕಂಬದ ಬುಡದ ಪೆಟ್ಟಿಗೆ ತೆರೆದು ಹೊತ್ತು ಸರಿಮಾಡಿ, ದೀಪ ಬದಲಾಗಬೇಕಾದ ಗಳಿಗೆಗೆ ಬೆರಳಿನಲ್ಲಿ ಚಿಟಿಕೆ ಹೊಡೆದು ನೋಡುತ್ತಿದ್ದಳು. ಚಿಟಿಕೆಯೂ ದೀಪವೂ ಒಟ್ಟಿಗೆ ಬಂದರೆ ಪೆಟ್ಟಿಗೆಗೆ ಬೀಗ. ಅಲ್ಲಿಂದಲೇ ಆ ಹೆಸರು ಅಂಟಿದ್ದು. ಇಲಾಖೆಯ ಹೆಂಗಸರ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದಾಗಲೂ, ಬೆಂಚಿನ ಮೇಲೆ ಕೂತು ಪ್ರತಿ ಚೆಂಡಿಗೂ ಚಿಟಿಕೆ ಹೊಡೆಯುತ್ತಿದ್ದಳಂತೆ.

ಗಂಡ ಸಿಕ್ಕಿದ್ದೂ ಸಿಗ್ನಲ್ಲಿನಿಂದಲೇ. ಅವನು ನಗರ ಸಾರಿಗೆಯ ಬಸ್ ಡ್ರೈವರು. ಒಂದು ದಿನ ಟೋಪಿ ಕಂಕುಳಲ್ಲಿಟ್ಟುಕೊಂಡು ಇಲಾಖೆಗೆ ಜಗಳಕ್ಕೆ ಬಂದ. "ನಿಮ್ಮ ಹಸಿರು ದೀಪ ಸೈಕಲ್ಲಿಗೆ ಸಾಕು ಮೇಡಂ, ನನ್ನ ಬಸ್ಸಿಗೆ ಸಾಲಲ್ಲ. ಮೂತಿ ದಾಟೋ ಹೊತ್ತಿಗೆ ಬಾಲಕ್ಕೆ ಕೆಂಪು ಬೀಳುತ್ತೆ." ದೊಡ್ಡಮ್ಮ ಎದ್ದು ಅವನ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತು ಅದೇ ವೃತ್ತವನ್ನು ಮೂರು ಸಲ ದಾಟಿ, ನಾಲ್ಕನೆಯ ಸಲಕ್ಕೆ ಹಸಿರನ್ನು ಉದ್ದ ಮಾಡಿಕೊಟ್ಟಳು. ಇವತ್ತಿಗೂ ಆತ ಬಂದವರಿಗೆಲ್ಲ ಹೇಳುವ ಮಾತು ಒಂದೇ: "ಹಸಿರು ಕೇಳಕ್ಕೆ ಹೋದೆ, ಜೀವನಪೂರ್ತಿ ಕೆಂಪು ಕಟ್ಟಿ ಕಳಿಸಿದ್ರು."

ಆ ಕೆಲಸದಲ್ಲಿ ಅವಳಿಗೆ ಹೆಸರು ತಂದದ್ದು ಒಂದು ಇಳಿಜಾರಿನ ವೃತ್ತ. ಅಲ್ಲಿ ವಾರಕ್ಕೊಮ್ಮೆಯಾದರೂ ಗಾಡಿಗೆ ಗಾಡಿ ತಾಗುತ್ತಿತ್ತು. ಹಳದಿ ಸಾಲದು ಅಂತ ಹಳದಿ ಹೆಚ್ಚಿಸಿದರು, ಕೆಂಪು ಸಾಲದು ಅಂತ ಕೆಂಪು ಹೆಚ್ಚಿಸಿದರು, ತಾಗುವುದು ಮಾತ್ರ ನಿಲ್ಲಲಿಲ್ಲ. ದೊಡ್ಡಮ್ಮ ಹೋಗಿ ಒಂದು ಬೆಳಗ್ಗೆಯೆಲ್ಲ ಅಲ್ಲಿ ನಿಂತಳು. ದೀಪಗಳನ್ನೂ ನೋಡಲಿಲ್ಲ, ಗಾಡಿಗಳನ್ನೂ ನೋಡಲಿಲ್ಲ. ಗಾಡಿ ಓಡಿಸುವವರ ಕಣ್ಣು ನೋಡಿದಳು. ಒಬ್ಬರ ಕಣ್ಣೂ ತಮ್ಮ ದೀಪದ ಮೇಲಿರಲಿಲ್ಲ. ಎಲ್ಲರೂ ಓರೆಗಣ್ಣಲ್ಲಿ ಪಕ್ಕದ ರಸ್ತೆಯ ದೀಪ ನೋಡುತ್ತಿದ್ದರು. ಅದು ಕೆಂಪಾದ ಕೂಡಲೆ, ತಮ್ಮದು ಹಸಿರಾಗುವ ಮುಂಚೆಯೇ ಹೊರಟುಬಿಡುತ್ತಿದ್ದರು. ಆ ದೀಪಗಳು ಪಕ್ಕದವರಿಗೆ ಕಾಣದ ಹಾಗೆ ತಗಡಿನ ಮರೆ ಹಾಕಿಸಿದಳು, ಅಷ್ಟೇ. ಗಾಡಿ ತಾಗುವುದು ನಿಂತಿತು. "ಮನುಷ್ಯರಿಗೆ ನಾವು ಕೊಟ್ಟ ದೀಪ ಬೇರೆ, ಅವರು ನೋಡೋ ದೀಪ ಬೇರೆ" ಅನ್ನುವುದು ಅಂದಿನಿಂದ ಅವಳ ಬಾಯಿಪಾಠವಾಯಿತು. ಕೇಳಿ ಕೇಳಿ ಗಂಡನಿಗೆ ಕಿವಿ ತೂತು ಬಿದ್ದಿತ್ತು.

ಇನ್ನು ಗುಬ್ಬಿ. ದೊಡ್ಡಮ್ಮನ ತಂಗಿಯ ಮಗಳು. ಹೆಸರಿಗೆ ಗುಬ್ಬಿ, ಈಗ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು, ಅಷ್ಟು ಉದ್ದ. ತಂಗಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸವಿದ್ದದ್ದರಿಂದ ಮಗು ಶಾಲೆ ಬಿಟ್ಟ ಮೇಲೆ ಬೆಳೆದದ್ದೆಲ್ಲ ದೊಡ್ಡಮ್ಮನ ಸೆರಗು ಹಿಡಿದು. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಸಿಗ್ನಲ್ಲಿತ್ತು. ಅದರ ಹೊತ್ತು ಕೂರಿಸಿದವಳೇ ದೊಡ್ಡಮ್ಮ. ಅವಳಿಗೆ ಗಡಿಯಾರ ಬೇಕಿರಲಿಲ್ಲ. ಮಗುವಿನ ಕೈ ಹಿಡಿದು ರಸ್ತೆಯಂಚಿಗೆ ನಿಂತು, "ಬಿಡ್ಲಾ?" ಅಂತ ಕೇಳಿ ಚಿಟಿಕೆ ಹೊಡೆಯುತ್ತಿದ್ದಳು. ತಕ್ಷಣ ಗಾಡಿಗಳೆಲ್ಲ ನಿಂತು, ನಡೆಯುವವರ ದೀಪ ಹಸಿರಾಗುತ್ತಿತ್ತು. ಮಗು ಒಂದೇ ನೆಗೆತಕ್ಕೆ ರಸ್ತೆಗಿಳಿಯುತ್ತಿತ್ತು. ನಮ್ಮ ದೊಡ್ಡಮ್ಮ ಚಿಟಿಕೆ ಹೊಡೆದರೆ ಊರೇ ನಿಲ್ಲುತ್ತೆ ಅಂತ ಗುಬ್ಬಿ ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ದೊಡ್ಡವಳಾದ ಮೇಲೆ ಗುಟ್ಟು ತಿಳಿಯಿತು, ನಕ್ಕು ಸುಮ್ಮನಾದಳು. ಆದರೂ ಕಾಲು ಮಾತ್ರ ಚಿಟಿಕೆ ಕೇಳಿದ ಮೇಲೇ ಏಳುತ್ತಿತ್ತು.

ಬ್ಯಾಟು ಹಿಡಿಯಲು ಕಲಿಸಿದ್ದೂ ದೊಡ್ಡಮ್ಮನೇ. ಗುಬ್ಬಿ ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿ ತೆರೆಯುವ ಮುಂಚೆ, ಗೋದಾಮಿಗೆ ಬೇರೆ ಯಾರೂ ಬಾರದ ಬೆಳಗಿನ ಹೊತ್ತಿನಲ್ಲಿ ಅವಳ ಅಭ್ಯಾಸ. ದೊಡ್ಡಮ್ಮ ಯಂತ್ರದ ಪಕ್ಕ ಪರದೆಯ ಮುಂದೆ ನಿಂತು, ಚೆಂಡು ಕೊಳವೆಯಲ್ಲಿ ಜಾರುವುದನ್ನು ನೋಡುತ್ತಾ, ಅಭ್ಯಾಸಬಲದಿಂದ ಚಿಟಿಕೆ ಹೊಡೆಯುತ್ತಾ ಲೆಕ್ಕ ನೋಡುತ್ತಿದ್ದಳು. ಗುಬ್ಬಿಯ ಗೆರೆಗಳು ಒಂದರ ಕೆಳಗೊಂದು ಹಸಿರಾಗಿ ಬೀಳುತ್ತಿದ್ದವು. ಇಂಥ ಒಂದು ದಿನದ ಪರದೆಯನ್ನು ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ಬಾಗಿಲಲ್ಲಿ ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ದೊಡ್ಡಮ್ಮ ಗೋಡೆಗೆ ತೂಗುಹಾಕಿದ್ದಳು. ಮೇಲಿಂದ ಕೆಳಗೆ ಒಂದೇ ಒಂದು ಕೆಂಪಿಲ್ಲ.

ಆ ವರ್ಷ ನಗರದ ಹೆಂಗಸರ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಎರಡು ವರ್ಷ ಬಾಗಿಲ ತನಕ ಹೋಗಿ ಬಂದಿದ್ದ ಗುಬ್ಬಿ ಈ ಸಲ ಒಳಗೇ ಹೋಗುತ್ತಾಳೆ ಅಂತ ದೊಡ್ಡಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಳು. ತಂಡದ ಕೋಚ್‌ಗೂ ಹೇಳಿದ್ದಳು. ಕೋಚ್ ಕಡಿಮೆ ಮಾತಿನ ಹೆಂಗಸು, ಕೊರಳಲ್ಲಿ ಸದಾ ಒಂದು ಸೀಟಿ. ಗೋಡೆಯ ಮೇಲಿನ ಹಸಿರು ಗೆರೆ ನೋಡಿ ಅವಳೂ ಹುಬ್ಬೇರಿಸಿ, ಗುಬ್ಬಿಯನ್ನು ಅಭ್ಯಾಸ ಪಂದ್ಯಕ್ಕೆ ಕರೆದಳು.

ಪಂದ್ಯದ ಮರುದಿನ ಕೋಚ್ ಗೋದಾಮಿಗೆ ಬಂದು, ಕೂತುಕೊಳ್ಳಿ ಅಂದರೂ ಕೂರದೆ ನಿಂತೇ ಹೇಳಿದಳು.

"ನಿಮ್ಮ ಹುಡುಗಿ ಮನೇಲಿ ಹುಲಿ, ಬೀದೀಲಿ ಇಲಿ."

"ಯಾಕೆ? ಏನಾಯ್ತು?"

"ಪ್ರತಿ ಚೆಂಡಿಗೂ ತಡ. ಒಂದಕ್ಕೂ ಬ್ಯಾಟು ತಾಗ್ಲಿಲ್ಲ. ಚೆಂಡು ದಾಟಿ ಹೋದ್ಮೇಲೆ ಎದ್ದೋಳ ಹಾಗೆ ಬೀಸ್ತಾಳೆ. ಇನ್ನೊಂದು ಅಭ್ಯಾಸ ಪಂದ್ಯ ಇದೆ, ಆಮೇಲೆ ಆಯ್ಕೆ ಪಂದ್ಯ. ಅಷ್ಟರಲ್ಲಿ ಸರಿಹೋಗದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

"ನನ್ನ ಗೆರೆ ಸುಳ್ಳು ಹೇಳಲ್ಲಮ್ಮ" ಅಂದಳು ದೊಡ್ಡಮ್ಮ.

"ನನ್ನ ಕಣ್ಣೂ ಹೇಳಲ್ಲ" ಅಂದು ಕೋಚ್ ಹೊರಟಳು.

ಬೇರೆಯವರಾದರೆ ಹುಡುಗಿಗೆ ಹೆದರಿಕೆ, ದೃಷ್ಟಿ, ನಸೀಬು ಅಂತ ಏನಾದರೂ ಹೇಳಿ ತೇಲಿಸಿಬಿಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಜಾತಿಗೆ ದೊಡ್ಡಮ್ಮ ಸೇರಿದವಳಲ್ಲ. ಆ ಸಂಜೆ ಯಂತ್ರವನ್ನು ಒಂದೇ ಸಮ ಓಡಿಸಿ, ಕಣ್ಣು ಮುಚ್ಚಿ ಕೂತು ಕೇಳಿದಳು. ಚೆಂಡು ಗಾಲಿಗೆ ಸಿಗುವ ಮುಂಚೆ ಕೊಳವೆಯ ತಳದಲ್ಲಿ ಒಂದು ಕಬ್ಬಿಣದ ನಾಲಗೆ ಟಕ್ ಅಂತ ಬೀಳುತ್ತಿತ್ತು. ಪ್ರತಿ ಸಲವೂ ಟಕ್, ಆಮೇಲೆ ಚೆಂಡು. ದೊಡ್ಡಮ್ಮ ಕಣ್ಣು ಬಿಟ್ಟಳು.

"ಸಿಕ್ತು ಕಣ್ರೀ! ಪಕ್ಕದ ರಸ್ತೆ ದೀಪ!"

ಗಂಡ ಪತ್ರಿಕೆಯಿಂದ ತಲೆ ಎತ್ತಿದ. "ಎಲ್ಲಿ?"

"ಈ ಟಕ್ ಅನ್ನೋದು! ಗುಬ್ಬಿ ಚೆಂಡು ನೋಡ್ತಾನೇ ಇಲ್ಲ, ಈ ಶಬ್ದ ಕೇಳಿ ಬೀಸ್ತಿದಾಳೆ. ಮೈದಾನದಲ್ಲಿ ಪಿಚರ್ ಕೈಯಿಂದ ಟಕ್ ಅಂತ ಬರುತ್ತಾ? ಬರಲ್ಲ. ಅದಕ್ಕೇ ತಡ."

ಮೂಲೆಯಲ್ಲಿದ್ದ ಹಳೆ ಟೈರೊಂದರಿಂದ ರಬ್ಬರು ಕತ್ತರಿಸಿ ಆ ನಾಲಗೆಗೆ ಮೆತ್ತಿದಳು. ಯಂತ್ರ ಬೆಕ್ಕಿನ ಹಾಗೆ ಸದ್ದಿಲ್ಲದೆ ಚೆಂಡು ಬಿಡತೊಡಗಿತು. ಮರುದಿನ ಬೆಳಗ್ಗೆ ಗುಬ್ಬಿಯನ್ನು ನಿಲ್ಲಿಸಿ ನೋಡಿದರೆ ಮೊದಲೆರಡು ಚೆಂಡಿಗೆ ಗೆರೆ ಸ್ವಲ್ಪ ಅತ್ತಿತ್ತ ಆಗಿ, ಆಮೇಲೆ ಮತ್ತೆ ಅದೇ ಹಸಿರು, ಸಾಲು ಸಾಲು. ದೊಡ್ಡಮ್ಮ ಕೋಚ್‌ಗೆ ಆಗಲೇ ಫೋನು ಮಾಡಿ, "ರಿಪೇರಿ ಮುಗೀತು, ಹುಲಿನೇ ಕಳಿಸ್ತೀನಿ" ಅಂದಳು.

ಎರಡನೆಯ ಅಭ್ಯಾಸ ಪಂದ್ಯದಲ್ಲೂ ಗುಬ್ಬಿ ಗಾಳಿಗೇ ಬೀಸಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಆ ಸಂಜೆ ಗುಬ್ಬಿ ಗೋದಾಮಿಗೆ ಬಂದು, ಬ್ಯಾಟನ್ನು ಮೂಲೆಗೆ ಒರಗಿಸಿ, ಹಸಿರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ದೊಡ್ಡಮ್ಮನಿಗೆ ಸುಲಭವಾಗುತ್ತಿತ್ತು.

"ದೊಡ್ಡಮ್ಮ, ನಾನು ಯಂತ್ರದ ಮುಂದೆ ಆಡೋಕೆ ಮಾತ್ರ ಲಾಯಕ್ಕು. ಬಿಟ್ಟುಬಿಡ್ತೀನಿ."

"ಬಾಯಿ ಮುಚ್ಚು."

"ನಿಜ ಹೇಳ್ತಿದೀನಿ. ಈ ಸಲನೂ ಆಗದಿದ್ರೆ ಇನ್ನು ಬ್ಯಾಟು ಮುಟ್ಟಲ್ಲ. ಜನರ ಕನ್ನಡಕ ಒರೆಸ್ಕೊಂಡು ಹಾಯಾಗಿರ್ತೀನಿ."

ಈ ಹುಡುಗಿ ಆಟ ಬಿಟ್ಟರೆ ತನ್ನ ಗೋದಾಮು, ಯಂತ್ರ, ಬೆಳಕಿನ ಗೆರೆ ಎಲ್ಲ ಇದ್ದೂ ಸುಡುಗಾಡು ಅಂತ ದೊಡ್ಡಮ್ಮನಿಗೆ ಅನ್ನಿಸಿತು. ಆದರೂ ಬಾಯಿಂದ ಬಂದದ್ದು ಎಂದಿನ ದನಿಯೇ: "ನಾಳೆ ಬೆಳಗ್ಗೆ ಬಾ. ತಡ ಮಾಡ್ಬೇಡ."

ಮರುದಿನ ಡ್ರೈವರ್ ಗಂಡ ಕೆಲಸಕ್ಕೆ ಹೋಗುವ ಮುಂಚೆ ಹೆಂಡತಿಗೂ ಗುಬ್ಬಿಗೂ ಟೀ ತಂದುಕೊಟ್ಟು ಹೋದ. ಗುಬ್ಬಿ ಆಗಲೇ ಬ್ಯಾಟು ಹಿಡಿದು ನಿಂತಿದ್ದಳು. ದೊಡ್ಡಮ್ಮ ಎರಡೂ ಕೈಯಲ್ಲಿ ಒಂದೊಂದು ಲೋಟ ಹಿಡಿದೇ, ಮೊಣಕೈಯಿಂದ ಯಂತ್ರದ ಗುಂಡಿ ಒತ್ತಿದಳು. ಚೆಂಡು ಹೋಯಿತು. ಪರದೆಯಲ್ಲಿ ಬಲಕ್ಕೆ ಕೆಂಪು. ಇನ್ನೊಂದು. ಮತ್ತೆ ಬಲಕ್ಕೆ, ಇನ್ನೂ ದೂರ. ಹುಡುಗಿಯ ಮನಸ್ಸು ಕೆಟ್ಟಿದೆ, ಪಾಪ, ಅಂದುಕೊಂಡಳು. ಲೋಟಗಳು ಸುಡುತ್ತಿದ್ದವು, ಮೇಜಿನ ಮೇಲಿಟ್ಟಳು. ಬೆರಳಿಗೆ ಗಾಳಿ ಊದಿ, ಮುಂದಿನ ಚೆಂಡು ಜಾರುವಾಗ ಎಂದಿನಂತೆ ಚಿಟಿಕೆ ಹೊಡೆದಳು. ಹಸಿರು. ಮತ್ತೊಂದು ಚಿಟಿಕೆ. ಹಸಿರು.

ಅವಳ ಕೈ ಅಲ್ಲೇ ನಿಂತಿತು.

ಅನುಮಾನ ಬಂದರೆ ಪರೀಕ್ಷೆ ಮಾಡದೆ ಬಿಡುವ ಪೈಕಿಯಲ್ಲ ಅವಳು. ಕೈಯನ್ನು ಜೇಬಿಗಿಳಿಸಿ ಒಂದು ಚೆಂಡು ಬಿಟ್ಟಳು: ಬಲಕ್ಕೆ ಕೆಂಪು. ಕೈ ಹೊರತೆಗೆದು, ಬೇಕಂತಲೇ ಒಂದಿಷ್ಟು ಮುಂಚೆ ಚಿಟಿಕೆ ಹೊಡೆದಳು: ಗುಬ್ಬಿಯ ಬ್ಯಾಟು ಚೆಂಡು ಬರುವ ಮುಂಚೆಯೇ ಬೀಸಿ ಹೋಯಿತು, ಎಡಕ್ಕೆ ಕೆಂಪು. ಸರಿಯಾದ ಹೊತ್ತಿಗೆ ಹೊಡೆದಳು: ಹಸಿರು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಪಕ್ಕದ ರಸ್ತೆಯ ದೀಪ ಯಂತ್ರದಲ್ಲಿರಲಿಲ್ಲ, ಅವಳ ಎರಡು ಬೆರಳಿನ ನಡುವೆ ಇತ್ತು. ಊರಿನ ದೀಪಗಳಿಗೆಲ್ಲ ಮರೆ ಕಟ್ಟಿಸಿದವಳು ತನ್ನ ದೀಪ ಮರೆತಿದ್ದಳು. ದೀಪದ ಬುಡದಲ್ಲೇ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಬೇರೆ ಆಟಗಾರ್ತಿಯರಿಗೆ ಇದು ತಟ್ಟಿರಲಿಲ್ಲ. ಅವರು ಬರುವ ಹೊತ್ತಿಗೆ ಗೋದಾಮಿನಲ್ಲಿ ನಾಲ್ಕಾರು ಜನರ ಗದ್ದಲ, ಕೆಲವರ ಕಿವಿಯಲ್ಲಿ ಹಾಡು. ತಗಡಿನ ಮಾಡಿನ ಕೆಳಗೆ ಬೆಳಗಿನ ಮೌನದಲ್ಲಿ ಆ ಚಿಟಿಕೆ ಕೇಳುತ್ತಿದ್ದದ್ದು ಗುಬ್ಬಿಯೊಬ್ಬಳಿಗೇ. ಕೇಳಿದರೂ ಬೇರೆಯವರ ಕಾಲು ಅದಕ್ಕೆ ಏಳುತ್ತಿರಲಿಲ್ಲ. ಐದು ವರ್ಷದ ಮಗುವಾಗಿದ್ದಾಗ ರಸ್ತೆಯಂಚಿನಲ್ಲಿ ಕಲಿತ ಪಾಠ ಅದು.

ದೊಡ್ಡಮ್ಮ ಯಂತ್ರ ನಿಲ್ಲಿಸಿ, ಬಲೆ ಸರಿಸಿ, ಹುಡುಗಿಯ ಹತ್ತಿರ ಹೋದಳು. ಹೇಳದೆ ಇದ್ದುಬಿಡಬಹುದಿತ್ತು. ಗೋಡೆಯ ಮೇಲಿನ ಚಿತ್ರ ನೋಡಿ ಬರುವವರು ಬರುತ್ತಲೇ ಇದ್ದರು. ಆದರೆ ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬಾರದ ವಿದ್ಯೆ.

"ಗುಬ್ಬಿ, ನೀನು ಚೆಂಡಿಗೆ ಬೀಸ್ತಿಲ್ಲ ಕಣೇ. ನನ್ನ ಚಿಟಿಕೆಗೆ ಬೀಸ್ತಿದೀಯ."

ಗುಬ್ಬಿಗೆ ಮೊದಲು ಅರ್ಥವಾಗಲಿಲ್ಲ. ದೊಡ್ಡಮ್ಮ ಪರದೆಯ ಮುಂದೆ ಕರೆದುಕೊಂಡು ಹೋಗಿ, ಯಾವ ಗೆರೆಗೆ ಚಿಟಿಕೆ ಇತ್ತು, ಯಾವುದಕ್ಕೆ ಇರಲಿಲ್ಲ, ಯಾವುದಕ್ಕೆ ಬೇಕಂತಲೇ ಮೋಸ ಮಾಡಿದೆ ಅಂತ ಬೆರಳಿಟ್ಟು ತೋರಿಸಿದಳು. ಗುಬ್ಬಿಯ ಮುಖ ಕೆಂಪಾಯಿತು.

"ಹಾಗಾದ್ರೆ ಗೋಡೆ ಮೇಲಿರೋದು? ಅಷ್ಟು ಹಸಿರು? ಅದೂ ನಿಮ್ದೇನಾ?"

"ಅರ್ಧ ನಿಂದು, ಅರ್ಧ ನಂದು."

"ಇಷ್ಟು ವರ್ಷ, ದೊಡ್ಡಮ್ಮ!"

"ಹೌದು, ಇಷ್ಟು ವರ್ಷ. ತಪ್ಪು ನಂದು. ರಿಪೇರಿನೂ ನಂದೇ. ನಿನ್ನ ಕಣ್ಣಲ್ಲಿ ದೋಷ ಇಲ್ಲ, ಕೈಯಲ್ಲಿ ಇಲ್ಲ, ಸೊಂಟದಲ್ಲಿ ಇಲ್ಲ. ಚಿಟಿಕೆ ಕೇಳಿ ಇಷ್ಟು ಕರಾರುವಾಕ್ಕಾಗಿ ಬೀಸೋಳು ಚೆಂಡು ನೋಡಿ ಬೀಸಲಾರಳಾ? ಎಲ್ಲ ಇದೆ ನಿನ್ನತ್ರ. ನನ್ನೊಬ್ಬಳನ್ನ ಮಧ್ಯದಿಂದ ತೆಗೀಬೇಕು, ಅಷ್ಟೇ."

ಗುಬ್ಬಿ ಸಿಟ್ಟಿನಿಂದ ಬ್ಯಾಟನ್ನು ಚಾಪೆಗೆ ಕುಟ್ಟಿದಳು. "ಶನಿವಾರ ಆಯ್ಕೆ ಪಂದ್ಯ" ಅಂದಳು.

"ಗೊತ್ತು. ಗೆರೆ ಕೆಂಪಾಗುತ್ತೆ. ಆಗ್ಲಿ. ಹೆದರ್ಬೇಡ."

ಅವತ್ತೇ ಚೌಕಟ್ಟಿನ ಚಿತ್ರ ಗೋಡೆಯಿಂದ ಇಳಿಯಿತು. ಕೋಚ್‌ಗೂ ಫೋನು ಹೋಯಿತು. ದೊಡ್ಡಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೋಚ್, "ಸರಿ, ಶನಿವಾರ ಕಳಿಸಿ. ಅವತ್ತು ಬ್ಯಾಟು ಹಿಡಿಯೋಕೆ ಎಲ್ಲರಿಗೂ ಎರಡು ಸರದಿ, ಅವಳಿಗೂ ಎರಡು" ಅಂದಳು.

ರಿಪೇರಿ ಶುರುವಾಯಿತು. ದೊಡ್ಡಮ್ಮನಿಗೆ ತನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ. ಮರೆತರೂ ಹೊಡೆದುಬಿಡುವ ಕೈ ಅದು. ಹಾಗಾಗಿ ಗಂಡ ಚಳಿಗಾಲದಲ್ಲಿ ಬಸ್ಸಿಗೆ ಹಾಕಿಕೊಳ್ಳುತ್ತಿದ್ದ ದಪ್ಪನೆಯ ಕೈಗವಸು ತೊಟ್ಟುಕೊಂಡಳು. ಬೆಳಗಿನ ಸೆಕೆಯಲ್ಲಿ ಉಣ್ಣೆಯ ಗವಸು ಹಾಕಿ ನಿಂತ ಹೆಂಡತಿಯನ್ನು ನೋಡಿ ಡ್ರೈವರು, "ಕರಡಿ ಸರ್ಕಸ್ ಬಿಟ್ಟು ಬಂದ ಹಾಗಿದೆ" ಅಂದ. ಯಂತ್ರ ಯಾವಾಗ ಚೆಂಡು ಬಿಡುತ್ತದೆ ಅಂತ ಊಹಿಸಲಾಗದ ಹಾಗೆ ಹೊತ್ತನ್ನು ಏರುಪೇರು ಮಾಡಿದಳು. ಪರದೆಯನ್ನು ಗುಬ್ಬಿಗೆ ಕಾಣದ ಹಾಗೆ ತನ್ನ ಕಡೆ ತಿರುಗಿಸಿಕೊಂಡಳು.

"ಗೆರೆ ನಾನು ನೋಡ್ಕೋತೀನಿ. ನೀನು ಚೆಂಡು ನೋಡು. ಗಾಲಿಯಿಂದ ಬಿಡೋವಾಗ್ಲೇ ಹಿಡಿ ಕಣ್ಣಲ್ಲಿ."

ಮೊದಲ ದಿನ ಪರದೆಯೆಲ್ಲ ಕೆಂಪು. ಎಷ್ಟೋ ಚೆಂಡು ಬ್ಯಾಟಿಗೆ ತಾಗದೆ ಹಿಂದಿನ ಬಲೆಗೆ ಹೋಗಿ ಬಿದ್ದವು. ಗುಬ್ಬಿ ಹಲ್ಲು ಕಚ್ಚಿ ಬೀಸುತ್ತಿದ್ದಳು. ದೊಡ್ಡಮ್ಮನಿಗೆ ಅದನ್ನು ನೋಡುವುದು ಕಷ್ಟವಾಯಿತು. ಮಗು ನಡೆಯಲು ಕಲಿಯುವಾಗ ಬೀಳುವುದನ್ನು ಕೈಕಟ್ಟಿ ನೋಡುವ ಕಷ್ಟ ಅದು. ಒಂದೇ ಒಂದು ಚಿಟಿಕೆ, ಹುಡುಗಿಯ ಮುಖದಲ್ಲಿ ನಗು ಬರುತ್ತದೆ. ಗವಸಿನೊಳಗೆ ಬೆರಳು ತಾನಾಗಿ ಒಂದನ್ನೊಂದು ಹುಡುಕುತ್ತಿತ್ತು. ಮೂರನೆಯ ದಿನ ಕೆಂಪು ಗೆರೆಗಳು ನಡುವಿಗೆ ಹತ್ತಿರ ಸರಿದದ್ದನ್ನು ಅವಳು ಕಂಡಳು. ಗುರುವಾರ ಅಲ್ಲೊಂದು ಇಲ್ಲೊಂದು ಹಸಿರು. ಶುಕ್ರವಾರ ಹಸಿರೂ ಕೆಂಪೂ ಸಮಸಮ. ಗೋಡೆಗೆ ತೂಗುಹಾಕುವಂಥದ್ದಲ್ಲ, ಆದರೆ ಪೂರ್ತಿ ಗುಬ್ಬಿಯದೇ.

"ಹೇಗಿದೆ ದೊಡ್ಡಮ್ಮ?" ಅಂತ ಗುಬ್ಬಿ ಕೇಳಿದಳು.

"ನಾಳೆ ಹೊಡೀತೀಯ" ಅಂದಳು ದೊಡ್ಡಮ್ಮ. ಅದು ಸಮಾಧಾನಕ್ಕೆ ಹೇಳಿದ್ದಲ್ಲ, ಲೆಕ್ಕ ನೋಡಿಯೇ ಹೇಳಿದ್ದು.

ಶನಿವಾರ ಮೈದಾನದ ಮರದ ಹಲಗೆಯ ಮೆಟ್ಟಿಲುಗಳಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ದೊಡ್ಡಮ್ಮ ಗವಸು ಮನೆಯಲ್ಲಿ ಬಿಟ್ಟು ಬಂದಿದ್ದಳು. ಜನರ ಮಧ್ಯೆ ಕರಡಿಯಾಗುವುದು ಬೇಡ ಅಂತ. ಗುಬ್ಬಿಯ ಹೆಸರು ಕೂಗಿದಾಗ ಬಲಗೈ ತಾನಾಗಿ ಎದ್ದಿತು. ತಕ್ಷಣ ಎರಡೂ ಅಂಗೈಗಳನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟಳು.

"ಇದೇನೇ ಇದು?" ಅಂದ ಗಂಡ.

"ಮರೆ ಕಟ್ಟಿದೀನಿ. ಸುಮ್ಮನೆ ಕೂತ್ಕೊಳ್ಳಿ."

ಮೊದಲ ಸರದಿಯಲ್ಲಿ ಗುಬ್ಬಿ ಔಟಾದಳು. ಮೂರು ಬೀಸು ವ್ಯರ್ಥವಾದರೆ ಔಟು ಅನ್ನುವ ಆಟ, ಅವಳ ಮೂರೂ ವ್ಯರ್ಥವಾದವು. ಎರಡು ಗಾಳಿಗೆ ಹೋಯಿತು, ಒಂದಕ್ಕೆ ಬ್ಯಾಟಿನ ಅಂಚು ತಾಗಿ ಚೆಂಡು ಹಿಂದಕ್ಕೆ ಹಾರಿತು. ಹಿಂದೆ ಕೂತವರು ಯಾರೋ ಉಸ್ಸೆಂದರು. ದೊಡ್ಡಮ್ಮ ಮಾತ್ರ ಗಂಡನ ಕಡೆ ತಿರುಗಿ, "ತಾಗ್ತು ನೋಡಿದ್ರಾ?" ಅಂದಳು. ಹೋದ ಎರಡು ಪಂದ್ಯಗಳಲ್ಲಿ ಅದೂ ತಾಗಿರಲಿಲ್ಲ.

ಎರಡನೆಯ ಸರದಿಯೇ ಕೊನೆಯದು. ಗುಬ್ಬಿ ಬಂದು ನಿಂತು, ಬ್ಯಾಟು ಎತ್ತುವ ಮುಂಚೆ ಒಂದು ಸಲ ಮೆಟ್ಟಿಲುಗಳ ಕಡೆ ನೋಡಿದಳು. ದೊಡ್ಡಮ್ಮನನ್ನು ಹುಡುಕುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ದೊಡ್ಡಮ್ಮ ಬೇಕಂತಲೇ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿದಳು. ಮತ್ತೆ ತಲೆ ಎತ್ತಿದಾಗ ಹುಡುಗಿಯ ಕಣ್ಣು ಪಿಚರ್‌ನ ಕೈಯ ಮೇಲಿತ್ತು.

ಪಿಚರ್ ಗಟ್ಟಿಗಿತ್ತಿ. ಒಂದು ಚೆಂಡು ಬೇಗ ಎಸೆದಳು, ಗುಬ್ಬಿ ತಪ್ಪಿದಳು. ಇನ್ನೊಂದನ್ನು ಕೈ ತಡೆದು ಬಿಟ್ಟಳು. ಗುಬ್ಬಿಯ ಬ್ಯಾಟು ಕದಲಿ ಅಲ್ಲೇ ನಿಂತಿತು, ಚೆಂಡು ಹೊಡೆಯಬೇಕಿಲ್ಲದಷ್ಟು ಹೊರಗೆ ಹೋಯಿತು. ಆ ನಿಂತದ್ದನ್ನು ಕಂಡು ದೊಡ್ಡಮ್ಮನಿಗೆ ಎದೆ ತುಂಬಿಬಂತು. ಚಿಟಿಕೆಗೆ ಆಡುವವಳು ಹಾಗೆ ನಿಲ್ಲಲಾರಳು, ಚೆಂಡು ನೋಡುವವಳು ಮಾತ್ರ ನಿಲ್ಲಬಲ್ಲಳು. ಮೂರನೆಯ ಚೆಂಡು ಬಂತು. ದೊಡ್ಡಮ್ಮನ ಬೆರಳುಗಳು ಅವಳ ಭಾರದ ಕೆಳಗೆ ಒದ್ದಾಡಿದವು.

ಮರದ ಬ್ಯಾಟಿಗೆ ಚೆಂಡು ನಡುಮಧ್ಯ ಸಿಕ್ಕರೆ ಬರುವ ಶಬ್ದಕ್ಕೆ ಬೇರೆ ಹೋಲಿಕೆ ಬೇಡ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಚೆಂಡು ಇಬ್ಬರು ಆಟಗಾರ್ತಿಯರ ನಡುವೆ ನೆಲ ಸವರಿಕೊಂಡು ಹೋಗಿ ದೂರದ ಬೇಲಿಗೆ ಬಡಿಯಿತು. ಗುಬ್ಬಿ ಓಡಿ, ಒಂದೊಂದಾಗಿ ಮುಟ್ಟಿ ದಾಟಬೇಕಾದ ಬೇಸ್ ಅನ್ನುವ ಮೆತ್ತೆಗಳಲ್ಲಿ ಮೊದಲನೆಯದನ್ನು ದಾಟಿ, ಎರಡನೆಯದರ ಮೇಲೆ ಮಣ್ಣಿನಲ್ಲಿ ಜಾರಿ ನಿಂತಳು. ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗದ ಆಚೆಯಿಂದ ಕೋಚ್ ಅವಳ ಕಡೆ ಕೂಗಿದ್ದು ಮೆಟ್ಟಿಲ ತನಕ ಕೇಳಿಸಿತು: "ಸೋಮವಾರದಿಂದ ತಂಡದ ಅಭ್ಯಾಸ! ಹೊತ್ತಿಗೆ ಸರಿಯಾಗಿ ಬಾ!"

ಗುಬ್ಬಿ ಮಣ್ಣು ಕೊಡವಿಕೊಂಡು ಮೆಟ್ಟಿಲುಗಳ ಕಡೆ ತಿರುಗಿದಳು. ಈ ಸಲ ದೊಡ್ಡಮ್ಮ ತಲೆ ತಗ್ಗಿಸಲಿಲ್ಲ.

"ಈಗಾದ್ರೂ ಹೊಡಿಯೇ, ನಿನ್ನ ಚಿಟಿಕೆ" ಅಂದ ಗಂಡ.

ದೊಡ್ಡಮ್ಮ ಅಂಗೈಗಳನ್ನು ಹೊರಗೆಳೆದಳು. ಹಲಗೆಯ ಗೆರೆಗಳು ಅಚ್ಚೊತ್ತಿದ್ದವು, ಬೆರಳು ಜೋಮು ಹಿಡಿದಿತ್ತು. ಕೈ ಮೇಲೆತ್ತಿ ಹೊಡೆದಳು, ಶಬ್ದ ಬರಲಿಲ್ಲ. ಇನ್ನೊಮ್ಮೆ ಹೊಡೆದಳು. ಇಲ್ಲ.

"ಬರ್ತಿಲ್ಲ ಕಣ್ರೀ."

"ಅವಳಿಗೆ ಬೇಕಾಗೂ ಇಲ್ಲ" ಅಂದ ಡ್ರೈವರು.

ದೊಡ್ಡಮ್ಮನಿಗೆ ಅಳು ಬಂತು. ಸಂತೋಷವೇ ಹೆಚ್ಚು, ಆದರೆ ಒಂದು ಪಾಲು ಸಂಕಟವೂ ಇತ್ತು, ಅವಳು ಅದನ್ನು ಮುಚ್ಚಿಡಲಿಲ್ಲ. ಜನರ ಮಧ್ಯೆಯೇ ಮೂಗೊರೆಸಿಕೊಂಡು, ಅಲ್ಲಿ ಎರಡನೆಯ ಬೇಸ್ ಮೇಲೆ ಮುಂದಿನ ಚೆಂಡಿಗೆ ಓಡಲು ಮೊಣಕಾಲು ಬಗ್ಗಿಸಿ, ಪಿಚರ್‌ನ ಕೈಯನ್ನೇ ನೋಡುತ್ತಾ ನಿಂತಿದ್ದ ಹುಡುಗಿಯನ್ನು ನೋಡಿದಳು. ಆಮೇಲೆ ಜೋಮು ಹಿಡಿದ ಎರಡೂ ಕೈಯನ್ನು ಮತ್ತೆ ಹಲಗೆಯ ಮೇಲಿಟ್ಟು, ಅದರ ಮೇಲೆ ಗಟ್ಟಿಯಾಗಿ ಕೂತಳು.